ಹಡಗಿನ ಜಲಾವತರಣ

ಹಡಗು ನೀರಿನ ಮೇಲೆ ಬಾಳತಕ್ಕದ್ದು. ಆದರೆ ಅದು ಹುಟ್ಟುವುದು ನೆಲದ ಮೇಲೆ. ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ, ನೆಲದ ಮೇಲೆ ನಿಂತು ಬೆಳೆದ ಉಕ್ಕಿನ ಒಡಲು ಒಂದು ದಿನ ಒಂದೆರಡು ನಿಮಿಷಗಳೊಳಗಾಗಿ ತನ್ನ ಜನ್ಮಸ್ಥಾನವನ್ನು ಬಿಟ್ಟು ನೀರನ್ನು ಸೇರಬೇಕು. ಈ ಕ್ರಿಯೆಗೆ ಜಲಾವತರಣವೆಂದು ಹೆಸರಿಡಬಹುದು. ಸೇತುವೆಯನ್ನಾಗಲಿ ಅಣೆಕಟ್ಟನ್ನಾಗಲಿ ಕಟ್ಟುವ ಎಂಜಿನಿಯರನು ತಾನು ಕಟ್ಟಿದ್ದು ಕಟ್ಟಿದಲ್ಲಿಯೇ ನಿಲ್ಲುವಂತೆ ನೋಡಿಕೊಂಡರೆ ಸಾಕು. ಹಡಗು ಕಟ್ಟುವವನಾದರೋ ಸಾವಿರಾರು ಟನ್ನಿನ ಕಟ್ಟಡವನ್ನು ಮೊದಲು ಅಲುಗದಂತೆ ನಿಲ್ಲಿಸಿ, ಆಮೇಲೆ ತಾನು ಗೊತ್ತುಮಾಡಿದ ಗಳಿಗೆಯಲ್ಲಿ ಓಡುವಂತೆ ಮಾಡಿ, ಮತ್ತೆ ಗೊತ್ತುಮಾಡಿದ ಜಾಗದಲ್ಲಿ ನಿಲ್ಲಿಸಬೇಕು. ಎರಡನೆಯ ಸಲ ಪರೀಕ್ಷಿಸಿ ನೋಡುವ ಅವಕಾಶವಿಲ್ಲ. ಒಮ್ಮೆ ಜಾರತೊಡಗಿದ ಹಡಗನ್ನು ಹಿಂದಕ್ಕೆ ಕರೆಯುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.

ಕರಾವಳಿಯವರು ಮಂಜಿಗಳನ್ನೂ ಪತ್ತೇಮಾರಿಗಳನ್ನೂ ಮರದ ದಿಮ್ಮಿಗಳ ಮೇಲೆ ಉರುಳಿಸಿ, ನೂರಾರು ಜನ ಕೈಹಚ್ಚಿ, ಭರತದ ವೇಳೆಯಲ್ಲಿ ನೀರಿಗೆ ಇಳಿಸುವುದನ್ನು ಕಂಡಿರಬಹುದು. ಕಡಲತೀರವಿಲ್ಲದ ಹಳೆಯ ಮೈಸೂರು ಸೀಮೆಯ ನಮಗೆ ಇದಕ್ಕೆ ಹತ್ತಿರವಾದ ದೃಶ್ಯವೆಂದರೆ ತೇರು. ದೊಡ್ಡ ರಥವನ್ನು ಎಳೆಯುವವರು ಸಾವಿರ ಮಂದಿಯಾದರೂ, ಅದರ ಕ್ಷೇಮವೆಲ್ಲ ಗಾಲಿಯ ಬಳಿ ಸನ್ನೆ ಹಿಡಿದು ನಿಂತ ನಾಲ್ಕಾರು ಮಂದಿಯ ಕೈಯಲ್ಲಿದೆ. ಎಳೆಯುವುದಕ್ಕಿಂತ ತಡೆಯುವುದೇ ಕಷ್ಟವೆಂಬುದನ್ನು ಅವರು ಬಲ್ಲರು. ಹಡಗಿನ ಜಲಾವತರಣದಲ್ಲಿಯೂ ಇದೇ ನ್ಯಾಯ.

ಈ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ. ಹಡಗನ್ನು ಕಟ್ಟುವ ಜಾಗವು ನೀರಿನ ಕಡೆಗೆ ಇಳಿಜಾರಾಗಿರುವ ಒಂದು ಗಟ್ಟಿಯಾದ ಕಟ್ಟೆ. ಸುಮಾರು ಇಪ್ಪತ್ತು ಅಡಿ ಉದ್ದಕ್ಕೆ ಒಂದಡಿಯಂತೆ ಅದು ಇಳಿಯುತ್ತದೆ. ಕಟ್ಟೆಯ ನಡುವೆ ಸಾಲಾಗಿ ಮರದ ದಿಮ್ಮಿಗಳನ್ನು ಇಟ್ಟು, ಅವುಗಳ ಮೇಲೆ ಹಡಗಿನ ಬೆನ್ನೆಲುಬಾದ ಕೀಲ್ ಎಂಬ ಭಾಗವನ್ನು ಹಾಸುತ್ತಾರೆ. ಅದರಿಂದ ಪಕ್ಕೆಲುಬುಗಳು ಏಳುತ್ತವೆ; ಪಕ್ಕೆಲುಬುಗಳ ಮೇಲೆ ಉಕ್ಕಿನ ತಗಡುಗಳ ಚರ್ಮ ಹರಡುತ್ತದೆ. ಇಷ್ಟು ಕಾಲವೂ ಹಡಗಿನ ಭಾರವೆಲ್ಲ ನಡುವಣ ದಿಮ್ಮಿಗಳ ಮೇಲೂ ಪಕ್ಕದ ಊರೆಗಂಬಗಳ ಮೇಲೂ ಇರುತ್ತದೆ. ನೀರಿಗಿಳಿಸುವ ಕಾಲ ಬಂದಾಗ ಹಡಗಿನ ಎರಡು ಪಕ್ಕಗಳಲ್ಲಿಯೂ ನೀರಿನವರೆಗೆ ಭದ್ರವಾದ ಮರದ ಹಾದಿಗಳನ್ನು ಹಾಸುತ್ತಾರೆ. ಇವು ಅಲುಗದ ಹಾದಿಗಳು. ಇವುಗಳ ಮೇಲೆ ದಪ್ಪವಾಗಿ ಕೊಬ್ಬನ್ನು ಬಳಿದು, ಅದರ ಮೇಲೆ ಮೆದುವಾದ ಸಾಬೂನನ್ನೂ ಎಣ್ಣೆಯನ್ನೂ ಸವರಿ, ಎರಡನೆಯ ಜೊತೆ ಮರದ ತೊಲೆಗಳನ್ನು ಕೂಡಿಸುತ್ತಾರೆ. ಇವು ಜಾರುವ ತೊಲೆಗಳು. ಇವುಗಳಿಗೂ ಹಡಗಿನ ತಳಕ್ಕೂ ನಡುವೆ ಮರದ ತೊಟ್ಟಿಲನ್ನು ಕಟ್ಟುತ್ತಾರೆ. ಗೊತ್ತಾದ ದಿನ ಬೆಳಗ್ಗೆ ನೂರಾರು ಕೆಲಸಗಾರರು ಏಕಕಾಲದಲ್ಲಿ ಸುತ್ತಿಗೆ ಹಿಡಿದು ಬೆಣೆಗಳನ್ನು ಬಡಿಯುತ್ತಾರೆ. ಹಡಗು ಕೂದಲೆಳೆಯಷ್ಟು ಮೇಲಕ್ಕೇಳುತ್ತದೆ. ಅದರ ಭಾರವು ದಿಮ್ಮಿಗಳಿಂದ ತೊಟ್ಟಿಲಿಗೆ ಸಾಗುತ್ತದೆ. ಆಮೇಲೆ ದಿಮ್ಮಿಗಳನ್ನೂ ಊರೆಗಂಬಗಳನ್ನೂ ಒಂದೊಂದಾಗಿ ತೆಗೆಯುತ್ತಾರೆ. ಕಡೆಗೆ ಹಡಗನ್ನು ತಡೆದಿರುವುದು ಒಂದೆರಡು ಕೊಂಡಿಗಳು ಮಾತ್ರ. ಅವು ಕಳಚಿದೊಡನೆ ಭೂಮಿಯ ಆಕರ್ಷಣವೇ ಹಡಗನ್ನು ನಡೆಸುತ್ತದೆ. ಯಂತ್ರವೂ ಬೇಡ, ಎಳೆಯುವವರೂ ಬೇಡ.

ಕೊಬ್ಬಿನ ವಿಷಯ ಹಗುರವಾಗಿ ಕಂಡೀತು. ಆದರೆ ಹಡಗಿನ ಭಾಗ್ಯವೆಲ್ಲ ಅದರ ಮೇಲೆ ನಿಂತಿದೆ. ಹಾದಿಯ ಒಂದು ಚದರಡಿಯ ಮೇಲೆ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಟನ್ನುಗಳಿಗಿಂತ ಹೆಚ್ಚು ಭಾರ ಬೀಳದಂತೆ ನೋಡಿಕೊಳ್ಳುತ್ತಾರೆ. ಭಾರ ಮಿತಿಮೀರಿದರೆ ಕೊಬ್ಬು ಹಿಂಡಿಹೋಗಿ ಮರಕ್ಕೆ ಮರ ಉಜ್ಜಿ ಹೊಗೆಯಾಡುವುದು. ಹಡಗು ನಡುದಾರಿಯಲ್ಲಿ ನಿಂತುಬಿಡಲೂಬಹುದು. ಚಳಿ ಹೆಚ್ಚಾದರೆ ಕೊಬ್ಬು ಗಡುಸಾಗುತ್ತದೆ. ಬಿಸಿಲು ಹೆಚ್ಚಾದರೆ ಕರಗಿ ಹರಿಯುತ್ತದೆ. ಆದಕಾರಣ ಊರಿನ ಹವೆಗೆ ತಕ್ಕಂತೆ ಕೊಬ್ಬಿನ ಪಾಕವನ್ನು ಗೊತ್ತುಮಾಡುವುದು ಹಡಗುಕಟ್ಟೆಯವರ ಒಂದು ಮುಖ್ಯ ವಿದ್ಯೆ.

ಸಾಮಾನ್ಯವಾಗಿ ಹಡಗು ಹಿಂಭಾಗವನ್ನು ಮುಂದು ಮಾಡಿಕೊಂಡು ನೀರಿಗಿಳಿಯುತ್ತದೆ. ಅಗಲವಾದ ಹಿಂಭಾಗವು ಬೇಗನೆ ತೇಲುವ ಶಕ್ತಿಯನ್ನು ಪಡೆಯುತ್ತದೆ. ನೀರಿನ ತಡೆಯೂ ಹೆಚ್ಚು. ಇಳಿಯುವಾಗ ಎರಡು ಅಪಾಯದ ಗಳಿಗೆಗಳು ಬರುತ್ತವೆ. ಹಿಂಭಾಗವು ಹಾದಿಯ ತುದಿಯನ್ನು ದಾಟಿ ಮುಂದೆ ಚಾಚಿಕೊಂಡಾಗ, ಅದನ್ನು ಎತ್ತಿಹಿಡಿಯುವಷ್ಟು ನೀರು ಅಲ್ಲಿರದಿದ್ದರೆ, ಹಿಂಭಾಗ ಕುಸಿದು ಮೂತಿ ಮೇಲಕ್ಕೇಳುತ್ತದೆ; ಹಡಗಿನ ತಳ ಮುರಿಯಬಹುದು. ಇದು ಮೊದಲನೆಯದು. ಎರಡನೆಯದು ಇದಕ್ಕೆ ವಿರುದ್ಧವಾದದ್ದು. ನೀರು ಹಿಂಭಾಗವನ್ನು ಎತ್ತಿದಾಗ ಹಡಗಿನ ಉಳಿದ ಭಾರವೆಲ್ಲ ಮೂತಿಯ ಕೆಳಗಿರುವ ತೊಟ್ಟಿಲ ತುದಿಯೊಂದರ ಮೇಲೆಯೇ ಬೀಳುತ್ತದೆ. ಇಡೀ ಹಡಗಿನ ತೂಕದ ಸುಮಾರು ಐದನೆಯ ಒಂದು ಪಾಲು ಕೆಲವೇ ಅಡಿಗಳ ಜಾಗದ ಮೇಲೆ ಕೂಡುವುದುಂಟು. ಆದುದರಿಂದ ಹಡಗು ಒಂದೊಂದು ಅಡಿ ಸಾಗಿದಾಗಲೂ ಅದರ ತೂಕವೆಷ್ಟು, ತೇಲಿಸುವ ಬಲವೆಷ್ಟು, ಅವೆರಡೂ ಎಲ್ಲಿ ಎಲ್ಲಿ ನಿಂತಿವೆ ಎಂಬುದನ್ನು ಮುಂಚಿತವಾಗಿಯೇ ಲೆಕ್ಕಹಾಕಿ ರೇಖೆಗಳನ್ನು ಬರೆದಿಟ್ಟಿರುತ್ತಾರೆ. ಆ ದಿನದ ಭರತ ಎಷ್ಟು ಎತ್ತರಕ್ಕೆ ಬರುವುದೆಂಬುದೂ ಈ ಲೆಕ್ಕಕ್ಕೆ ಸೇರಿದ್ದು.

ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ. ಬ್ರೂನೆಲನ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆಯನ್ನು ಥೇಮ್ಸ್ ನದಿಗೆ ಅಡ್ಡಡ್ಡಲಾಗಿ ಇಳಿಸಲು ೧೮೫೭ರ ನವೆಂಬರ್ ೩ರಂದು ಮೊದಲು ಯತ್ನಿಸಿದರು. ಅದು ಕೊಂಚ ಸರಿದು ನಿಂತಿತು. ಒತ್ತುವ ಯಂತ್ರಗಳನ್ನು ತಂದು ದಿನಕ್ಕಿಷ್ಟೆಂಬಂತೆ ನೂಕಿ ನೂಕಿ, ಕಡೆಗೆ ಅದು ತೇಲಿದ್ದು ೧೮೫೮ರ ಜನವರಿ ೩೧ರಂದು. ಇದು ಹಣದ ನಷ್ಟ. ಮುಂದಿನವು ಪ್ರಾಣದ ನಷ್ಟಗಳು. ೧೮೮೩ರ ಜುಲೈ ೩ರಂದು ಗ್ಲಾಸ್ಗೋ ಪಟ್ಟಣದ ಬಳಿ ‘ಡ್ಯಾಫ್ನಿ’ ಎಂಬ ಚಿಕ್ಕ ಹಡಗು ನೀರಿಗಿಳಿದೊಡನೆ ಪಕ್ಕಕ್ಕೆ ಮಗುಚಿತು. ಇಳಿದ ಕೂಡಲೇ ಕೆಲಸ ಮುಂದುವರಿಸಬೇಕೆಂದು ಅದರೊಳಗೇ ಇದ್ದ ಕೆಲಸಗಾರರಲ್ಲಿ ೧೨೪ ಮಂದಿ ಮುಳುಗಿ ಸತ್ತರು. ೧೮೯೮ರಲ್ಲಿ ಲಂಡನ್ನಿನಲ್ಲಿ ‘ಆಲ್ಬಿಯನ್’ ಎಂಬ ಯುದ್ಧನೌಕೆ ಇಳಿದಾಗ ಎದ್ದ ಅಲೆಯು ಜನರು ನಿಂತಿದ್ದ ಅಟ್ಟಣೆಯನ್ನು ಕೆಡವಿ ಮೂವತ್ತಕ್ಕೂ ಹೆಚ್ಚು ಮಂದಿ ನೋಡಲು ಬಂದವರನ್ನು ಬಲಿತೆಗೆದುಕೊಂಡಿತು. ೧೯೦೭ರಲ್ಲಿ ಇಟಲಿಯ ‘ಪ್ರಿಂಚಿಪೆಸ್ಸಾ ಯೋಲಾಂಡಾ’ ಎಂಬ ಪ್ರಯಾಣಿಕರ ಹಡಗು ಒಳಗಿನ ಸಜ್ಜಿಕೆಯೆಲ್ಲ ಮುಗಿದು ನೀರಿಗಿಳಿದು, ಸ್ವಲ್ಪ ಹೊತ್ತಿನಲ್ಲಿಯೇ ವಾಲಿ ಮುಳುಗಿತು. ಇವುಗಳಿಂದ ಕಲಿತ ಪಾಠ ಎರಡು: ಇಳಿಯುವ ದಿನದ ಹಡಗಿನ ಸಮತೋಲವನ್ನು ಬೇರೆಯಾಗಿಯೇ ಲೆಕ್ಕಹಾಕಬೇಕು, ಅಂದು ಹಡಗಿನೊಳಗೆ ಅಗತ್ಯವಾದವರ ಹೊರತು ಯಾರೂ ಇರಕೂಡದು.

ಇಪ್ಪತ್ತನೆಯ ಶತಮಾನದ ನಡುಗಾಲಕ್ಕೆ ಈ ಶಾಸ್ತ್ರವು ಪಕ್ವವಾಗಿತ್ತು. ಅದರ ಒಂದು ಉದಾಹರಣೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಕಟ್ಟಿದ ‘ಕ್ವೀನ್ ಮೇರಿ’. ಇದರ ಉದ್ದ ಸಾವಿರ ಅಡಿಗೂ ಮೀರಿದ್ದು. ಇಳಿಯುವಾಗಿನ ತೂಕ ೩೬ ಸಾವಿರ ಟನ್ನಿಗೂ ಹೆಚ್ಚು. ಕ್ಲೈಡ್ ನದಿಯಾದರೋ ಅಲ್ಲಿ ಹಡಗಿನ ಉದ್ದಕ್ಕೂ ಸಾಲದಷ್ಟು ಕಿರಿದು. ಎದುರು ದಡದಲ್ಲಿ ಕಾರ್ಟ್ ಎಂಬ ಉಪನದಿ ಬಂದು ಕೂಡುವ ಬಾಯಿಗೆ ಗುರಿಯಿಟ್ಟು ಹಡಗನ್ನು ಓರೆಯಾಗಿ ಇಳಿಸಬೇಕಾಯಿತು. ಹಡಗಿನ ಪಕ್ಕಗಳಿಗೆ ಸರಪಳಿಗಳ ದೊಡ್ಡ ದೊಡ್ಡ ಕಂತೆಗಳನ್ನು ಕಟ್ಟಿದ್ದರು. ಹಡಗು ನೀರು ಸೇರುತ್ತಿದ್ದಂತೆ ಒಂದೊಂದೇ ಕಂತೆ ಬಿಗಿದು, ನೆಲದ ಮೇಲೆ ಎಳೆದಾಡಿ, ಅದರ ವೇಗವನ್ನು ಕುಗ್ಗಿಸಿತು. ನಮ್ಮ ತೇರಿನ ಸನ್ನೆಯ ಕೆಲಸವನ್ನು ಅಲ್ಲಿ ಸರಪಳಿಗಳು ಮಾಡಿದವು.

ಆ ದಿನದಲ್ಲಿ ಇನ್ನೊಂದು ಅರ್ಥವೂ ಇತ್ತು. ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ೧೯೩೧ರ ಡಿಸೆಂಬರಿನಲ್ಲಿ, ಈ ಹಡಗಿನ ಕೆಲಸವನ್ನು ನಿಲ್ಲಿಸಿಬಿಟ್ಟಿದ್ದರು. ಅದಕ್ಕೆ ಇನ್ನೂ ಹೆಸರಿರಲಿಲ್ಲ. ಐದುನೂರ ಮೂವತ್ತನಾಲ್ಕನೆಯ ನಂಬರಿನ ಹಡಗೆಂದೇ ಎಲ್ಲರೂ ಕರೆಯುತ್ತಿದ್ದರು. ಎರಡು ವರ್ಷಕ್ಕೂ ಮೇಲೆ ಆ ಅರೆಬೆಳೆದ ಒಡಲು ತುಕ್ಕು ಹಿಡಿಯುತ್ತ ಊರಿನ ಮೇಲೆ ನಿಂತಿತ್ತು; ಕೆಳಗೆ ಸಾವಿರಾರು ಕೆಲಸಗಾರರ ಮನೆಗಳಲ್ಲಿ ಒಲೆ ಆರಿತ್ತು. ಸರ್ಕಾರವು ಸಾಲ ಕೊಟ್ಟ ಮೇಲೆ ೧೯೩೪ರ ಏಪ್ರಿಲಿನಲ್ಲಿ ಸುತ್ತಿಗೆಯ ಸದ್ದು ಮತ್ತೆ ಕೇಳಿಸಿತು. ಅದೇ ವರ್ಷದ ಸೆಪ್ಟೆಂಬರ್ ೨೬ರಂದು ರಾಣಿ ಮೇರಿಯು ಹಡಗಿಗೆ ತನ್ನ ಹೆಸರನ್ನೇ ಇಟ್ಟು ಅದನ್ನು ನೀರಿಗೆ ಬಿಟ್ಟಳು. ಹಾಗೆ ಸುರಿಯುವ ಮಳೆಯಲ್ಲಿ ನಿಂತು ಜಯಘೋಷ ಮಾಡಿದವರಲ್ಲಿ ಅನೇಕರಿಗೆ ಅದು ರಾಜವೈಭವವಲ್ಲ, ಅನ್ನದ ಮಾತಾಗಿತ್ತು.

ನಾಮಕರಣದ ಈ ವಿಧಿಯು ಬಹು ಪುರಾತನವಾದುದು. ಸಮುದ್ರಕ್ಕೆ ಅಂಜಿದ ಜನರು ಹೊಸ ಹಡಗಿಗೆ ದೇವತೆಗಳ ರಕ್ಷೆಯನ್ನು ಬೇಡುತ್ತಿದ್ದರು. ಮೆಡಿಟರೇನಿಯನ್ ತೀರದವರು ಅರ್ಪಿಸುತ್ತಿದ್ದ ದ್ರಾಕ್ಷಾಮದ್ಯವೇ ಇಂದು ಹಡಗಿನ ಮೂತಿಗೆ ಒಡೆಯುವ ಶಾಂಪೇನ್ ಸೀಸೆಯಾಗಿ ಉಳಿದಿದೆ. ಅಮೆರಿಕದಲ್ಲಿ ಪಾನನಿರೋಧವಿದ್ದ ಕಾಲದಲ್ಲಿ ಕೆಲವು ಯುದ್ಧನೌಕೆಗಳಿಗೆ ಬರಿಯ ನೀರಿನಿಂದಲೇ ನಾಮಕರಣ ಮಾಡಿದ್ದುಂಟು. ಭಾರತದಲ್ಲಿ ತೆಂಗಿನಕಾಯಿಯನ್ನು ಒಡೆಯುವುದು ಸಂಪ್ರದಾಯ. ಸೀಸೆಯಾಗಲಿ ಕಾಯಾಗಲಿ, ಲೆಕ್ಕವೆಲ್ಲ ಮುಗಿದ ಮೇಲೆಯೂ ಮನುಷ್ಯನ ಕೈಮೀರಿದ್ದು ಸ್ವಲ್ಪ ಉಳಿದಿರುತ್ತದೆ ಎಂಬ ವಿನಯವನ್ನೇ ಅದು ಸೂಚಿಸುತ್ತದೆ. ೧೯೩೮ರ ಸೆಪ್ಟೆಂಬರ್ ೨೭ರಂದು ಅದೇ ಕಟ್ಟೆಯಿಂದ ‘ಕ್ವೀನ್ ಎಲಿಜಬೆತ್’ ಇಳಿಯುವಾಗ, ಮುಹೂರ್ತಕ್ಕೆ ಮುಂಚೆಯೇ ಹಡಗು ತಾನಾಗಿ ಸರಿಯತೊಡಗಿತು. ರಾಣಿಯು ಸಮಯಸ್ಫೂರ್ತಿಯಿಂದ ಸೀಸೆಯನ್ನು ಒಡೆದದ್ದರಿಂದ ಹೆಸರಿಲ್ಲದೆ ಹೋಗುವ ಅಪಶಕುನ ತಪ್ಪಿತು.

ಎರಡನೆಯ ಮಹಾಯುದ್ಧವು ಈ ಉತ್ಸವದ ಸ್ವರೂಪವನ್ನೇ ಬದಲಾಯಿಸಿತು. ಒಂದು ಕಡೆ ಗುಟ್ಟು, ಇನ್ನೊಂದು ಕಡೆ ಅವಸರ. ಜಪಾನಿನ ನಾಗಸಾಕಿಯಲ್ಲಿ ‘ಮುಸಾಶಿ’ ಎಂಬ ಮಹಾಯುದ್ಧನೌಕೆಯನ್ನು ಕಟ್ಟುತ್ತಿದ್ದಾಗ ಅದನ್ನು ಯಾರೂ ಕಾಣದಂತೆ ನಾರಿನ ಹಗ್ಗಗಳ ಭಾರಿ ತೆರೆಗಳನ್ನು ಇಳಿಬಿಟ್ಟಿದ್ದರು. ೧೯೪೦ರ ನವೆಂಬರ್ ೧ರಂದು ಅದನ್ನು ಇಳಿಸುವಾಗ ವಿಮಾನದಾಳಿಯ ಅಭ್ಯಾಸವೆಂದು ಹೇಳಿ ಊರಿನ ಜನರನ್ನೆಲ್ಲ ಮನೆಯೊಳಗೆ ಇರಿಸಿದರು. ಆದರೆ ನೀರಿಗೆ ಗುಟ್ಟು ತಿಳಿಯದು. ಹಡಗಿನ ಭಾರಕ್ಕೆ ಎದ್ದ ಸುಮಾರು ನಾಲ್ಕಡಿ ಎತ್ತರದ ಅಲೆಯು ಬಂದರನ್ನು ದಾಟಿ ತೀರದ ಮನೆಗಳಿಗೆ ನುಗ್ಗಿತು. ನಾಲ್ಕು ವರ್ಷ ತುಂಬುವ ಮೊದಲೇ, ೧೯೪೪ರ ಅಕ್ಟೋಬರಿನಲ್ಲಿ, ಆ ಹಡಗು ವಿಮಾನಗಳ ದಾಳಿಗೆ ಸಿಕ್ಕಿ ಮುಳುಗಿತು.

ಅಮೆರಿಕದಲ್ಲಾದರೋ ನೀರಿಗಿಳಿಸುವುದು ದಿನಚರಿಯಾಯಿತು. ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸುವುದಕ್ಕಿಂತ ವೇಗವಾಗಿ ಸರಕಿನ ಹಡಗುಗಳನ್ನು ಕಟ್ಟಬೇಕೆಂಬುದು ಅವರ ಸಂಕಲ್ಪ. ‘ಲಿಬರ್ಟಿ’ ಎಂಬ ಒಂದೇ ಮಾದರಿಯ ಹಡಗುಗಳಲ್ಲಿ ಮೊದಲನೆಯದು ೧೯೪೧ರ ಸೆಪ್ಟೆಂಬರ್ ೨೭ರಂದು ಬಾಲ್ಟಿಮೋರಿನಲ್ಲಿ ಇಳಿಯಿತು. ಯುದ್ಧ ಮುಗಿಯುವುದರೊಳಗೆ ಅವುಗಳ ಸಂಖ್ಯೆ ೨,೭೧೦. ತಗಡುಗಳನ್ನು ರಿವೆಟ್ಟು ಹೊಡೆದು ಜೋಡಿಸುವುದಕ್ಕೆ ಬದಲಾಗಿ ಬೆಸುಗೆ ಹಾಕಿದರು. ದೊಡ್ಡ ದೊಡ್ಡ ಭಾಗಗಳನ್ನು ಬೇರೆಡೆ ಮಾಡಿ ತಂದು ಕೂಡಿಸಿದರು. ೧೯೪೨ರ ನವೆಂಬರಿನಲ್ಲಿ ‘ರಾಬರ್ಟ್ ಪಿಯರಿ’ ಎಂಬ ಹಡಗು ಕೀಲ್ ಹಾಸಿದ ಐದು ದಿನಗಳೊಳಗೆ ನೀರು ಸೇರಿತು. ಅವಸರಕ್ಕೆ ಬೆಲೆಯನ್ನೂ ತೆರಬೇಕಾಯಿತು. ೧೯೪೩ರ ಜನವರಿ ೧೬ರಂದು ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲನೌಕೆಯು ಬಂದರಿನ ನಿಶ್ಚಲವಾದ ನೀರಿನಲ್ಲಿ ನಿಂತಿದ್ದಂತೆಯೇ ನಡುವೆ ಬಿರಿಯಿತು. ಆ ಕಾಲದ ಉಕ್ಕು ಚಳಿಯಲ್ಲಿ ಗಾಜಿನಂತೆ ಬಿರುಸಾಗುತ್ತಿತ್ತು. ರಿವೆಟ್ಟಿನ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುವುದು. ಬೆಸೆದ ಹಡಗಿನಲ್ಲಿ ಅದಕ್ಕೆ ತಡೆಯಿರಲಿಲ್ಲ. ಕೇಂಬ್ರಿಜ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿದುಷಿಯ ಸಂಶೋಧನೆಗಳು ಈ ದೋಷದ ಮೂಲವನ್ನು ಬಯಲಿಗೆಳೆದವು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಹಡಗು ಕಟ್ಟುವುದು ಭಾರತಕ್ಕೆ ಹೊಸ ವಿದ್ಯೆಯಲ್ಲ. ಮುಂಬಯಿಯ ವಾಡಿಯಾ ಮನೆತನದ ಪಾರ್ಸಿ ಶಿಲ್ಪಿಗಳು ಮಲಬಾರಿನ ತೇಗದಲ್ಲಿ ಕಟ್ಟಿ ೧೮೧೭ರಲ್ಲಿ ನೀರಿಗೆ ಬಿಟ್ಟ ‘ಟ್ರಿಂಕಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನಲ್ಲಿ ಈಗಲೂ ತೇಲುತ್ತಿದೆ. ಉಗಿಯೂ ಉಕ್ಕೂ ಬಂದ ಮೇಲೆ ಈ ವಿದ್ಯೆ ನಮ್ಮ ಕೈತಪ್ಪಿತು. ನಮ್ಮ ತೀರದ ವ್ಯಾಪಾರವೂ ಪರದೇಶದ ಕಂಪನಿಗಳ ಪಾಲಾಯಿತು. ೧೯೧೯ರಲ್ಲಿ ವಾಲಚಂದ ಹೀರಾಚಂದರೂ ನರೋತ್ತಮ ಮೊರಾರ್ಜಿಯವರೂ ಸೇರಿ ಸಿಂಧಿಯಾ ನೌಕಾ ಕಂಪನಿಯನ್ನು ಹುಟ್ಟಿಸಿದರು. ಗ್ವಾಲಿಯರಿನ ಮಹಾರಾಜರಿಂದ ಕೊಂಡ ‘ಲಾಯಲ್ಟಿ’ ಎಂಬ ಹಳೆಯ ಹಡಗು ಆ ವರ್ಷದ ಏಪ್ರಿಲ್ ೫ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ದರಗಳ ಪೈಪೋಟಿಯಲ್ಲಿ ಹಣ್ಣಾದ ಕಂಪನಿಯು ೧೯೨೩ರ ಒಪ್ಪಂದದಂತೆ ಕರಾವಳಿಯ ಸರಕು ಸಾಗಣೆಗಷ್ಟೇ ತೃಪ್ತಿಪಡಬೇಕಾಯಿತು.

ಕೊಂಡ ಹಡಗಿನಿಂದ ಸ್ವಾತಂತ್ರ್ಯ ಬರುವುದಿಲ್ಲ, ಕಟ್ಟಿದ ಹಡಗಿನಿಂದ ಬರುತ್ತದೆ ಎಂಬುದು ವಾಲಚಂದರ ನಂಬಿಕೆ. ೧೯೪೦ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದವರೂ ಇವರೇ. ಮರುವರ್ಷ ವಿಶಾಖಪಟ್ಟಣದಲ್ಲಿ ಹಡಗಿನ ಕಾರ್ಖಾನೆಗೆ ಕೈಹಾಕಿದರು. ಅಲ್ಲಿನ ಬಂದರು ಗುಡ್ಡದ ಮರೆಯಲ್ಲಿದೆ, ಒಳನೀರು ಶಾಂತವಾದುದು. ೧೯೪೧ರ ಜೂನ್ ೨೧ರಂದು ಬಾಬು ರಾಜೇಂದ್ರಪ್ರಸಾದರು ಅಸ್ತಿಭಾರದ ಕಲ್ಲನ್ನು ಇಟ್ಟರು. ಒಂದು ವರ್ಷ ತುಂಬುವ ಮೊದಲೇ, ೧೯೪೨ರ ಏಪ್ರಿಲ್ ೬ರಂದು, ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು, ಕೆಲಸಕ್ಕೆ ಅಡ್ಡಿಯಾಯಿತು.

ಯುದ್ಧವೂ ಮುಗಿದು ಪರರಾಜ್ಯವೂ ಮುಗಿದ ಮೇಲೆ, ೧೯೪೮ರ ಮಾರ್ಚ್ ೧೪ರಂದು, ಎಂಟು ಸಾವಿರ ಟನ್ನಿನ ಸರಕು ಹೊರಬಲ್ಲ ‘ಜಲ ಉಷಾ’ ವಿಶಾಖಪಟ್ಟಣದಲ್ಲಿ ನೀರಿಗಿಳಿಯಿತು. ಇಳಿಸಿದವರು ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು. ಸಿಂಧಿಯಾ ಕಂಪನಿಯವರು ತಮ್ಮ ಹಡಗುಗಳಿಗೆ ‘ಜಲ’ ಎಂದು ಮೊದಲಾಗುವ ಹೆಸರುಗಳನ್ನು ಇಡುತ್ತಿದ್ದರು. ಅದರ ಮುಂದೆ ‘ಉಷಾ’ ಎಂದು ಸೇರಿಸಿದ್ದರ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಕ್ವೀನ್ ಮೇರಿ’ಯ ಮುಂದೆ ಇದು ಚಿಕ್ಕ ಹಡಗು. ಆದರೆ ಗಾತ್ರದಿಂದ ಮಾತ್ರ ಅಳೆಯತಕ್ಕ ವಿಷಯವಲ್ಲ ಇದು. ಸ್ವತಂತ್ರ ಭಾರತದಲ್ಲಿ ನೀರಿಗಿಳಿದ ಮೊದಲ ಸಮುದ್ರಗಾಮಿ ಉಗಿಹಡಗಿನ ತೂಕವನ್ನೂ, ತೇಲುವ ಬಲವನ್ನೂ, ಕೊಬ್ಬಿನ ಹದವನ್ನೂ ಈ ದೇಶದ ಕಟ್ಟೆಯೊಂದರ ಮೇಲೆ ಲೆಕ್ಕಹಾಕಿ ನೋಡಿ, ಆ ಲೆಕ್ಕವು ಸರಿಯೆಂದು ನೀರೇ ಒಪ್ಪಿಕೊಂಡ ದಿನ ಅದು. ಕಾರ್ಖಾನೆಯನ್ನು ನಡೆಸುವ ಹೊರೆ ಖಾಸಗಿ ಬಂಡವಾಳಕ್ಕೆ ಮೀರಿದ್ದಾಗಿ, ೧೯೫೨ರಲ್ಲಿ ಸರ್ಕಾರವು ಅದರ ಮೂರರಲ್ಲಿ ಎರಡು ಪಾಲನ್ನು ವಹಿಸಿಕೊಂಡು ಹಿಂದೂಸ್ತಾನ್ ಷಿಪ್‌ಯಾರ್ಡ್ ಎಂಬ ಸಂಸ್ಥೆಯನ್ನು ಮಾಡಿತು.

ನೀರಿಗಿಳಿದ ಹಡಗು ಪೂರ್ತಿಯಾದ ಹಡಗಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅದು ಬರಿಯ ಒಡಲು. ಸಣ್ಣ ದೋಣಿಗಳು ಅದನ್ನು ಎಳೆದು ತಂದು ದಡಕ್ಕೆ ಕಟ್ಟಿದ ಮೇಲೆ ಯಂತ್ರ, ಹೊಗೆಗೊಳವೆ, ಕೋಣೆ, ದೀಪ ಮೊದಲಾದವುಗಳ ಕೆಲಸ ಸಾಗುತ್ತದೆ. ಯುದ್ಧನೌಕೆಗಾದರೆ ಫಿರಂಗಿಗಳು ಬರುವುದೂ ಆಗಲೇ. ಕೆಲವು ಹಡಗುಗಳು ಈ ಎರಡನೆಯ ಘಟ್ಟದಲ್ಲಿ ಬಹುಕಾಲ ಕಾದದ್ದುಂಟು. ೧೯೪೫ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಇಳಿದ ‘ಹರ್ಕ್ಯುಲೀಸ್’ ಎಂಬ ವಿಮಾನವಾಹಕ ನೌಕೆಯು, ಯುದ್ಧ ಮುಗಿದುದರಿಂದ ಅರೆಯಾಗಿಯೇ ಉಳಿಯಿತು. ೧೯೫೭ರಲ್ಲಿ ಭಾರತವು ಅದನ್ನು ಕೊಂಡು ಪೂರ್ತಿಮಾಡಿಸಿತು; ೧೯೬೧ರ ಮಾರ್ಚ್ ೪ರಂದು ಅದೇ ‘ವಿಕ್ರಾಂತ’ವಾಯಿತು. ನಮ್ಮ ನಾಡಿನ ಹೆಸರನ್ನು ಹೊತ್ತ ಹಡಗಿನ ಕಥೆಯೂ ಇಂತಹುದೇ. ೧೯೩೯ರ ಜುಲೈ ೧೮ರಂದು ಇಂಗ್ಲೆಂಡಿನ ನ್ಯೂಕಾಸಲ್ಲಿನಲ್ಲಿ ‘ನೈಜೀರಿಯಾ’ ಎಂಬ ಹೆಸರಿನಿಂದ ನೀರಿಗಿಳಿದ ಕ್ರೂಸರ್ ನೌಕೆಯು ಮಹಾಯುದ್ಧವನ್ನೆಲ್ಲ ಕಂಡು, ೧೯೫೭ರ ಆಗಸ್ಟ್ ೨೯ರಂದು ‘ಮೈಸೂರು’ ಎಂಬ ಹೊಸ ಹೆಸರಿನಿಂದ ಭಾರತದ ನೌಕಾಪಡೆಯನ್ನು ಸೇರಿತು. ಕಡಲಿಲ್ಲದ ಸೀಮೆಯ ಗಂಡಭೇರುಂಡವು ೧೯೮೫ರವರೆಗೂ ಕಡಲ ಮೇಲೆ ಸಂಚರಿಸಿತು.

ಈಗ ದೊಡ್ಡ ಹಡಗುಗಳನ್ನು ಬಹುಮಟ್ಟಿಗೆ ಆಳವಾದ ಡಾಕುಗಳೊಳಗೇ ಕಟ್ಟಿ, ಬಾಗಿಲು ತೆರೆದು ನೀರನ್ನು ಒಳಬಿಟ್ಟು ತೇಲಿಸುತ್ತಾರೆ. ಕೊಚ್ಚಿಯಲ್ಲಿ ಕಟ್ಟಿದ ಎರಡನೆಯ ‘ವಿಕ್ರಾಂತ’ವನ್ನು ೨೦೧೩ರ ಆಗಸ್ಟ್ ೧೨ರಂದು ಜಲಪ್ರವೇಶ ಮಾಡಿಸಿದ್ದೂ ಡಾಕಿನಿಂದಲೇ. ಇಲ್ಲಿ ಹಡಗು ನೀರಿನ ಬಳಿಗೆ ಹೋಗುವುದಿಲ್ಲ, ನೀರೇ ಹಡಗಿನ ಬಳಿಗೆ ಬರುತ್ತದೆ. ಅಪಾಯ ಕಡಿಮೆ, ಅಲೆಯೂ ಇಲ್ಲ. ಆದರೂ ಇಳಿಜಾರು ಕಟ್ಟೆಗಳು ಮರೆಯಾಗಿಲ್ಲ. ಸಣ್ಣ ಹಾಗೂ ಮಧ್ಯಮ ಗಾತ್ರದ ಹಡಗುಗಳು ಹಲವೆಡೆ ಇನ್ನೂ ಜಾರಿಯೇ ನೀರು ಸೇರುತ್ತವೆ.

ಬಗೆ ಯಾವುದಾದರೂ ಪರೀಕ್ಷೆ ಒಂದೇ. ಭಾಷಣಗಳು, ಬಾವುಟಗಳು, ವಾದ್ಯಗಳು ಎಲ್ಲವೂ ದಡದ ಮೇಲಿನವು. ಕಾಗದದ ಮೇಲೆ ಬರೆದ ಲೆಕ್ಕವನ್ನೂ, ಕತ್ತಲೆಯಲ್ಲಿ ತಳದಡಿ ಬಗ್ಗಿ ಬೆಣೆ ಬಡಿದ ಕೈಗಳನ್ನೂ ನೀರು ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಅಲ್ಲಿ ದಾಕ್ಷಿಣ್ಯವಿಲ್ಲ. ಆ ತೂಕದಲ್ಲಿ ಗೆದ್ದ ಹಡಗು ಮೆಲ್ಲನೆ ತಲೆಯೆತ್ತಿ ನೇರವಾಗಿ ನಿಂತಾಗ, ಕಟ್ಟಿದವರು ಮರುದಿನವೇ ಬರಿದಾದ ಕಟ್ಟೆಯನ್ನು ಗುಡಿಸಿ, ಮುಂದಿನ ಹಡಗಿನ ಕೀಲ್‌ಗೆ ದಿಮ್ಮಿಗಳನ್ನು ಜೋಡಿಸಲು ತೊಡಗುತ್ತಾರೆ.